ನಾಲ್ಕು ತಿಂಗಳ ಗೋಸುಂಬೆ ಮರಿ ಬಾಯಿ ತೆರೆದು ಕೂರುತ್ತದೆ: ಸಿಟ್ಟೋ, ಸೆಕೆಯೋ?

ಕೌಲ್‌ಬಜಾರ್_ಹಸಿರು (ಬಳ್ಳಾರಿ)

ವೇಲ್ಡ್ ಗೋಸುಂಬೆ (ತಲೆಯ ಮೇಲೆ ಕಿರೀಟವಿರುವ ವಿದೇಶಿ ಜಾತಿ), ಗಂಡು, ನಾಲ್ಕು ತಿಂಗಳು ತುಂಬಿದೆ. ಸಾಕಣೆಯಲ್ಲೇ ಹುಟ್ಟಿದ ಮರಿ, ಬಿಲ್ ಇದೆ. ಮೂತಿಯಿಂದ ಬಾಲದ ತುದಿಗೆ 24 ಸೆಂ.ಮೀ., ತೂಕ 34 ಗ್ರಾಂ. ಗೂಡು 45×45×60 ಸೆಂ.ಮೀ. ಗಾಜಿನದು, ಮೇಲೆ ಜಾಲರಿ ಮುಚ್ಚಳ. ಮುಚ್ಚಳದ ಮೇಲೆ 100 ವ್ಯಾಟ್ ಬಲ್ಬ್ ಒಂದು, ಸುರುಳಿ ಆಕಾರದ ಸಣ್ಣ ಯುವಿಬಿ (ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣದ) ಬಲ್ಬ್ ಒಂದು. ಮನೆಯ ಮೇಲಿನ ಮಹಡಿ, ಮೇಲೆ ನೇರ ಆರ್‌ಸಿಸಿ. ಮಾರ್ಚ್ ಕೊನೆ ನಡೆಯುತ್ತಿದೆ.

ಬೆಳಗ್ಗೆ ಎದ್ದಾಗ ಕಂದು-ಕಪ್ಪು. ಹತ್ತರ ಹೊತ್ತಿಗೆ ಹಸಿರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ತಿಳಿಹಳದಿಗೆ ತಿರುಗಿ ಬಾಯಿ ತೆರೆದು ಕೂರುತ್ತದೆ. ಕೈ ಒಳಗೆ ಹಾಕಿದರೆ ಮೈ ಉಬ್ಬಿಸಿ ಬುಸ್ ಎನ್ನುತ್ತದೆ, ಎರಡು ವಾರದ ಹಿಂದೆ ಹೀಗಿರಲಿಲ್ಲ. ದಿನಕ್ಕೆ 15 ಕ್ರಿಕೆಟ್ ಹುಳ ತಿನ್ನುತ್ತದೆ.

ಇದರ ಸ್ವಭಾವವೇ ಸಿಟ್ಟಿನದೋ? ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆಯೋ? ಮುಂದಿನ ಎರಡು ತಿಂಗಳ ಬಿಸಿಲು ಹೇಗೆ ದಾಟಿಸಬೇಕು?

ಕೊಂಬೆಮೇಲಿನಕಣ್ಣು

ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ಸಂಗತಿ ಒಂದರ ಮೇಲೊಂದು ಕೂತಿವೆ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಹೆದರಿಸಲು ಬಾಯಿ ತೆರೆದ ಗೋಸುಂಬೆಯ ಮೈ ಕಡುಬಣ್ಣಕ್ಕೆ ತಿರುಗುತ್ತದೆ. ಪಕ್ಕೆಗಳು ಎಲೆಯಂತೆ ಚಪ್ಪಟೆಯಾಗಿ, ಬದಿಯಿಂದ ನೋಡಿದರೆ ದೊಡ್ಡದಾಗಿ ಕಾಣುತ್ತದೆ. ಗಂಟಲ ಚೀಲ ಇಳಿಬಿದ್ದು ಉಬ್ಬುತ್ತದೆ, ಕಣ್ಣು ನಿಮ್ಮ ಮೇಲೆಯೇ ನೆಟ್ಟಿರುತ್ತದೆ, ಸದ್ದು ಬರುತ್ತದೆ. ನೀವು ಹಿಂದೆ ಸರಿದರೆ ಕೆಲವೇ ನಿಮಿಷದಲ್ಲಿ ಬಾಯಿ ಮುಚ್ಚುತ್ತದೆ. ಸೆಕೆಗೆ ಬಾಯಿ ತೆರೆದದ್ದು ಹಾಗಲ್ಲ. ಸದ್ದಿಲ್ಲ, ಬಣ್ಣ ತೆಳು, ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಬಾಯಿ ತೆರೆದೇ ಇರುತ್ತದೆ. ಅನುಮಾನವಿದ್ದರೆ ಎದುರಿಗೆ ಮೊಬೈಲ್ ಇಟ್ಟು ಅರ್ಧ ಗಂಟೆ ವಿಡಿಯೋ ಮಾಡಿ, ನೀವು ಹೊರಗಿರಿ. ಮೂರನೆಯ ಬಗೆಯೂ ಒಂದಿದೆ: ಮೂತಿ ಮೇಲೆತ್ತಿ ಬಾಯಿ ತೆರೆಯುವುದು, ಬಾಯಂಚಿನಲ್ಲಿ ಲೋಳೆ ಅಥವಾ ಗುಳ್ಳೆ, ಉಸಿರಿಗೆ ಟಕ್ ಟಕ್ ಸದ್ದು. ಅದು ಉಸಿರಾಟದ ಸೋಂಕು, ಮನೆಮದ್ದಿಗೆ ಬಗ್ಗುವುದಲ್ಲ.

ನಿಮ್ಮ ಮರಿ ಮಧ್ಯಾಹ್ನ ಬೇಯುತ್ತಿದೆ. ಕೈ ಹಾಕಿದಾಗ ಹೆದರುತ್ತಿದೆ. ಎರಡಕ್ಕೂ ಮದ್ದು ಬೇರೆ. ಬೆಳಗಿನ ಕಪ್ಪು ಮಾತ್ರ ಯಾವ ತೊಂದರೆಯೂ ಅಲ್ಲ. ತಣ್ಣಗಿನ ಮೈ ಬೇಗ ಶಾಖ ಹೀರಲೆಂದು ಕಡುಬಣ್ಣಕ್ಕೆ ತಿರುಗುತ್ತದೆ. ಗಮನಿಸಿ ನೋಡಿ, ಬಲ್ಬಿನ ಕಡೆಗಿರುವ ಪಕ್ಕೆ ಕಪ್ಪಗಿದ್ದು ಆಚೆ ಪಕ್ಕೆ ಹಸಿರಾಗಿರುವುದೂ ಉಂಟು.

ಈಗ ಗೂಡು. 45 ಸೆಂ.ಮೀ. ಗಾಜಿನ ಪೆಟ್ಟಿಗೆಗೆ 100 ವ್ಯಾಟ್ ಬಲ್ಬ್ ಚಳಿ ದೇಶದ ಕೋಣೆಗೇ ಜಾಸ್ತಿ, ಬಳ್ಳಾರಿ ಮಹಡಿಗೆ ಕೇಳಲೇಬೇಡಿ. ತಂತಿ ತುದಿಯ ಡಿಜಿಟಲ್ ಥರ್ಮಾಮೀಟರ್ ತನ್ನಿ. ಮರಿ ಸಾಮಾನ್ಯವಾಗಿ ಕೂರುವ ಕೊಂಬೆಯಲ್ಲಿ, ಅದರ ಬೆನ್ನು ಬರುವ ಎತ್ತರಕ್ಕೆ ತುದಿಯನ್ನು ಕಟ್ಟಿ ಅಳೆಯಿರಿ. ಗೋಡೆಗೆ ಅಂಟಿಸುವ ಮುಳ್ಳಿನ ಮೀಟರ್ ಗಾಜಿನ ಶಾಖ ಹೇಳುತ್ತದೆ, ಪ್ರಾಣಿಯದ್ದಲ್ಲ. ಈ ವಯಸ್ಸಿಗೆ ಬಲ್ಬಿನಡಿ ಮೈ ಕಾಯಿಸಿಕೊಳ್ಳುವ ಕೊಂಬೆ 28ರಿಂದ 30 ಡಿಗ್ರಿ, ಗೂಡಿನ ಉಳಿದ ಭಾಗ 22ರಿಂದ 27, ರಾತ್ರಿ ಇನ್ನೂ ಕೆಳಗೆ ಇಳಿಯಬೇಕು. ದೊಡ್ಡದಾದ ಮೇಲೆ ಕೊಂಬೆ 32ರವರೆಗೆ ನಡೆಯುತ್ತದೆ. ಇನ್ನೊಂದು: ಜಾಲರಿಗೆ ತಾಗಿಸಿಟ್ಟ ಬಲ್ಬ್ ತಲೆಯ ಕಿರೀಟವನ್ನು ಸುಡುತ್ತದೆ. ಮರಿ ಬೆಳೆದಂತೆ ಕಿರೀಟ ಎತ್ತರವಾಗುತ್ತದೆ, ನಿನ್ನೆ ಸರಿಯಿದ್ದ ಅಂತರ ಮುಂದಿನ ತಿಂಗಳು ಸಾಲುವುದಿಲ್ಲ. ಬಲ್ಬಿಗೂ ಬೆನ್ನಿಗೂ 20 ಸೆಂ.ಮೀ. ಮೇಲೆಯೇ ಇರಲಿ.

ಗಾಜಿನ ಇನ್ನೊಂದು ಕೇಡು ಪ್ರತಿಬಿಂಬ. ಗೋಸುಂಬೆ ಒಂಟಿ ಪ್ರಾಣಿ. ಗಾಜಿನಲ್ಲಿ ಕಾಣುವ ತನ್ನದೇ ರೂಪ ಅದಕ್ಕೆ ಇನ್ನೊಂದು ಗಂಡು. ದಿನವಿಡೀ ಎದುರಾಳಿ ಮುಂದೆ ಕೂತ ಹಾಗೆ. ನಾಲ್ಕೂ ಬದಿ ಜಾಲರಿಯಿರುವ 60×60×120 ಸೆಂ.ಮೀ. ಗೂಡಿಗೆ ಈಗಲೇ ಹೋಗಿ, ನಡುವೆ ಇನ್ನೊಂದು ಸಣ್ಣ ಗೂಡಿಗೆ ದುಡ್ಡು ಹಾಕಬೇಡಿ. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿ ಸೊಳ್ಳೆ ಪರದೆಯ ಸ್ಟೀಲ್ ಜಾಲರಿ ಹಾಕಿಸಿ ಮಾಡಿಸಬಹುದು. ನೈಲಾನ್ ಬೇಡ, ಬಲ್ಬಿನ ಶಾಖಕ್ಕೆ ಕರಗುತ್ತದೆ, ಕ್ರಿಕೆಟ್ ಹುಳ ಕಡಿದು ತೂತು ಮಾಡುತ್ತದೆ. ತಳಕ್ಕೆ ಮಣ್ಣು, ಮರಳು, ತೆಂಗಿನ ನಾರು ಏನೂ ಬೇಡ. ನಾಲಿಗೆಗೆ ಅಂಟಿ ಹೊಟ್ಟೆ ಸೇರಿದರೆ ಕರುಳು ಕಟ್ಟುತ್ತದೆ. ಹಳೆ ಪೇಪರ್ ಸಾಕು.

ಸುರುಳಿ ಬಲ್ಬ್ ತೆಗೆದಿಡಿ. ಅದರ ಯುವಿಬಿ ಒಂದು ಗೇಣು ಜಾಗಕ್ಕೆ ಮಾತ್ರ. ಎರಡಡಿ ಉದ್ದದ ಟಿ5 (ತೆಳು) ಟ್ಯೂಬ್, ಯುವಿಬಿ 5 ಅಥವಾ 6 ಪರ್ಸೆಂಟಿನದು, ಕೊಂಬೆಯಿಂದ 20-25 ಸೆಂ.ಮೀ. ಮೇಲೆ, ದಿನಕ್ಕೆ 12 ಗಂಟೆ. ಬೆಳಕು ಬರುತ್ತಿದೆ ಎಂದು ಹಳೆಯದನ್ನೇ ಉಳಿಸಬೇಡಿ, ಕಣ್ಣಿಗೆ ಕಾಣುವ ಬೆಳಕು ಇದ್ದಾಗಲೂ ಯುವಿಬಿ ಸತ್ತಿರುತ್ತದೆ. ವರ್ಷಕ್ಕೊಮ್ಮೆ ಬದಲಿಸಿ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲೂ ಯುವಿಬಿ ಇರುವುದಿಲ್ಲ. ರಾತ್ರಿ ಯಾವ ದೀಪವೂ ಬೇಡ, ಕೆಂಪು ಬಲ್ಬೂ ಬೇಡ.

ಎಡದಂಡೆ_ಕಾಲುವೆ (ಗಂಗಾವತಿ)

ಮ್ಯಾಲಿನವರು ಗೂಡು ಹೇಳ್ಯಾರ, ನಾ ಸೆಕಿ ಮತ್ತ ನೀರಿಂದು ಹೇಳ್ತೀನ್ರಿ.

ಬಳ್ಳಾರಿ, ರಾಯಚೂರು, ಕೊಪ್ಪಳ ಯಾವುದ ಇರ್ಲಿ, ಏಪ್ರಿಲ್-ಮೇದಾಗ ಹೊರಗ 40 ದಾಟ್ತೈತಿ. ಮ್ಯಾಲ ಆರ್‌ಸಿಸಿ ಇರೋ ಕೋಣಿ ರಾತ್ರಿ ಹನ್ನೊಂದಕ್ಕೂ ಕಾವಲಿ ಇದ್ದಂಗ ಇರ್ತೈತಿ. ಗೋಸುಂಬಿಗೆ ಮಧ್ಯಾಹ್ನದ ಸೆಕಿ ಎಷ್ಟು ಕೆಟ್ಟದ್ದೋ ರಾತ್ರಿ ಕಾವು ಇಳೀದ ಇರೋದೂ ಅಷ್ಟ ಕೆಟ್ಟದ್ದು. ಗೂಡು ಕೆಳಗಿನ ಮನಿಗೆ ಇಳಿಸ್ರಿ. ಉತ್ತರ ಗ್ವಾಡಿಗೆ ಹಚ್ಚಿದ ಕೋಣಿ ಆದ್ರ ಛಲೋ. ಕಡಪಾ ಕಲ್ಲಿನ ನೆಲ ಇದ್ರ ಇನ್ನೂ ಛಲೋ. ತಗಡಿನ ಶೆಡ್ ಬ್ಯಾಡೇ ಬ್ಯಾಡ.

ಕೋಣಿ 30 ದಾಟಿದ ದಿನ ಕಾಯೋ ಬಲ್ಬ್ ಆರಿಸ್ರಿ, ಯುವಿಬಿ ಟ್ಯೂಬ್ ಅಷ್ಟ ಇರ್ಲಿ. ಬಲ್ಬಿಗೆ ಟೈಮರ್ ಹಾಕಿ ಮರೆಯೋದೇ ಇಲ್ಲಿ ಆಗೋ ದೊಡ್ಡ ತಪ್ಪು. ಟೈಮರಿಗೆ ಬ್ಯಾಸಿಗಿ ಬಂದದ್ದು ಗೊತ್ತಾಗಂಗಿಲ್ಲ. ಬೇಕಾದ್ರ ಮುಂಜಾನೆ ಏಳರಿಂದ ಒಂಬತ್ತರ ತನಕ 40 ವ್ಯಾಟ್ ಸಾಕು.

ಡೆಸರ್ಟ್ ಕೂಲರ್ ನಮ್ಮ ಒಣ ಹವಾಕ್ಕ ಹೇಳಿ ಮಾಡಿಸಿದಂಗ ಐತಿ, ತಂಪೂ ಕೊಡ್ತೈತಿ, ಹಸಿನೂ ಕೊಡ್ತೈತಿ. ಆದ್ರ ಗಾಳಿ ನೇರ ಗೂಡಿಗೆ ಬಡೀಬಾರದು, ಗ್ವಾಡಿಗೆ ತಿರುಗಿಸ್ರಿ. ಒಂದು ಕಿಟಕಿ ತೆರೆದಿಡ್ರಿ, ಇಲ್ಲಂದ್ರ ಹಸಿ ಒಳಗ ನಿಂತು ತಂಪು ಆಗಂಗಿಲ್ಲ. ಬಿಸಿ, ಹಸಿ, ಗಾಳಿ ಆಡಲಾರದ್ದು ಮೂರೂ ಕೂಡಿದಾಗ ಎಲಿಗೆ ಬೂಸಲು ಬರ್ತೈತಿ, ಪ್ರಾಣಿ ಪುಪ್ಪಸಕ್ಕೂ ಬರ್ತೈತಿ. ಕೂಲರ್ ಹುಲ್ಲು ಹಳೇದಿದ್ರ ಬದಲಿಸಿಬಿಡ್ರಿ. ಕರೆಂಟ್ ಹೋದಾಗ ಇನ್ವರ್ಟರ್ ಮ್ಯಾಲ ಒಂದು ಫ್ಯಾನ್ ಓಡಬೇಕು. ಅದೂ ಇಲ್ಲಂದ್ರ ಗೂಡಿನ ಎರಡು ಬದಿಗೆ ಹಸಿ ಗೋಣಿಚೀಲ ಇಳಿಬಿಡ್ರಿ, ನಾಲ್ಕೂ ಬದಿ ಮುಚ್ಚಬ್ಯಾಡ್ರಿ.

ನೀರಿಗೆ ಬಟ್ಟಲ ಇಟ್ರ ಬಹಳಷ್ಟು ಗೋಸುಂಬಿ ನೋಡಂಗಿಲ್ಲ. ಎಲಿ ಮ್ಯಾಲಿನ ಹನಿ ನೆಕ್ಕಿ ಕುಡೀತಾವ. ಮೆಡಿಕಲ್ ಅಂಗಡಿಯಾಗ ಸಲೈನ್ ಸೆಟ್ ಸಿಗ್ತೈತಲ್ಲ, ಅದಕ್ಕಿಂತ ಅಗ್ಗದ ಡ್ರಿಪ್ಪರ್ ಇಲ್ಲ. ಒಂದು ಲೀಟರ್ ಬಾಟಲಿ ಗೂಡಿನ ಮ್ಯಾಲ ತಲಿಕೆಳಗ ತೂಗುಹಾಕಿ, ಗಾಲಿ ತಿರುವಿ ಸೆಕೆಂಡಿಗೆ ಒಂದು ಹನಿ ಮಾಡ್ರಿ. 20 ಹನಿಗೆ ಒಂದು ಎಂ.ಎಲ್. ಹಾಕೋ ಸೆಟ್ ಆದ್ರ ಗಂಟೆಗೆ 180 ಎಂ.ಎಲ್. ಆಗ್ತೈತಿ. ದಿನಕ್ಕ ಒಂದು ಗಂಟೆ ಸಾಕು. ಕೆಳಗ ಟ್ರೇ ಇಡ್ರಿ, ಆ ನೀರು ಅವತ್ತ ಚೆಲ್ರಿ. ನಳಗಿ ವಾರಕ್ಕೊಮ್ಮೆ ಬಿಸಿನೀರಾಗ ತೊಳೀರಿ, ಇಲ್ಲಂದ್ರ ಒಳಗ ಪಾಚಿ ಕಟ್ತೈತಿ. ಮುಂಜಾನೆ ದೀಪ ಹತ್ತೋಕಿಂತ ಮೊದಲ, ಸಂಜಿ ದೀಪ ಆರಿದ ಮ್ಯಾಲ ಎರಡು ಮೂರು ನಿಮಿಷ ಸ್ಪ್ರೇ. ಮಟಮಟ ಮಧ್ಯಾಹ್ನ ಗೂಡು ತೋಯಿಸಿ ಇಟ್ರ ಬೇಯಿಸಿದಂಗ.

ನಮ್ಮ ಬೋರ್ ನೀರು ಗಡಸು. ಸ್ಪ್ರೇ ನಾಝಲ್ ತಿಂಗಳಾಗ ಕಟ್ಟಿಕೊಳ್ತೈತಿ, ಎಲಿ ಮ್ಯಾಲ ಬಿಳಿ ಚುಕ್ಕಿ ಕೂಡ್ತಾವ. ಆರ್‌ಓ ನೀರೇ ಹಾಕ್ರಿ.

ನೀರು ಸಾಲ್ತೈತೋ ಇಲ್ಲೋ ಅನ್ನೋದು ಹಿಕ್ಕಿಯಾಗ ಗೊತ್ತಾಗ್ತೈತಿ. ಕಂದು ಭಾಗದ ಜೋಡಿ ಸುಣ್ಣದಂಥ ಒಂದು ಗಡ್ಡಿ ಬರ್ತೈತಿ. ಬೆಳ್ಳಗ ಇದ್ರ ಸರಿ. ತುದಿ ಅಷ್ಟ ಹಳದಿ ಇದ್ರ ನಡೀತೈತಿ. ಪೂರಾ ಕಿತ್ತಳಿ ಆಗಿ ಗಟ್ಟಿ ಇದ್ರ ನೀರು ಕಡಿಮಿ ಬಿದ್ದೈತಿ ಅಂತ. ಕಣ್ಣಿನ ಗುಡ್ಡಿ ಒಳಗ ಕುಸಿದ್ರ ಇನ್ನೂ ಮುಂದ ಹೋಗೈತಿ.

ಹೊಸಪಾಠ_ರಾಯಚೂರು

ತೂಕ ಕಡಿಮೆ ಅನಿಸ್ತು. ದಿನಕ್ಕೆ 25 ಹುಳ ಹಾಕಿ, ಸೂಪರ್‌ವರ್ಮ್ (ಜೀರುಂಡೆಯ ದಪ್ಪ ಮರಿಹುಳ) ಸೇರಿಸಿ, ಬೇಗ ದೊಡ್ಡದಾಗುತ್ತದೆ. ಹೊಲದ ಮಿಡತೆ ಸಿಕ್ಕರೆ ಫ್ರೀ ಊಟ.

ಕಾರಟಗಿ_ಹುಳದಪೆಟ್ಟಿಗೆ

ಇದರಲ್ಲಿ ಒಂದೂ ಮಾಡಬೇಡಿ. ಮಿಡತೆಯಿಂದಲೇ ಶುರು ಮಾಡುತ್ತೇನೆ. ಕಾರಟಗಿ, ಸಿಂಧನೂರು ಕಡೆಯ ಭತ್ತ, ರಾಯಚೂರಿನ ಹತ್ತಿ, ಬಳ್ಳಾರಿಯ ಮೆಣಸಿನಕಾಯಿ, ಮೂರಕ್ಕೂ ಔಷಧಿ ಹೊಡೆಯುವುದು ಎಷ್ಟು ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅರೆಸತ್ತು ಸುಲಭವಾಗಿ ಕೈಗೆ ಸಿಗುವ ಮಿಡತೆಯೇ ಹೆಚ್ಚು ವಿಷ ಉಂಡಿರುವುದು. 34 ಗ್ರಾಂ ಪ್ರಾಣಿಗೆ ಅಂಥದ್ದು ಒಂದೆರಡು ಸಾಕು. ನರ್ಸರಿ ಗಿಡಕ್ಕೂ ಇದೇ ಮಾತು. ದಾಸವಾಳ ಗೂಡಿಗೆ ಒಳ್ಳೆಯದು, ವೇಲ್ಡ್ ಅದರ ಎಲೆ, ಹೂವು ಕಡಿದು ತಿನ್ನುತ್ತದೆ. ಆದ್ದರಿಂದಲೇ ತಂದ ಗಿಡದ ಎಲೆ ತೊಳೆದು, ಮಣ್ಣು ಬದಲಿಸಿ, ಒಂದು ತಿಂಗಳು ಹೊರಗಿಟ್ಟು ಆಮೇಲೆ ಒಳಗೆ. ಕಣಗಿಲೆ, ನಿತ್ಯಪುಷ್ಪ ಹತ್ತಿರವೂ ಬೇಡ.

ಇನ್ನು ಬೇಗ ದೊಡ್ಡದು ಮಾಡುವ ವಿಚಾರ. 24 ಸೆಂ.ಮೀ., 34 ಗ್ರಾಂ ನಾಲ್ಕು ತಿಂಗಳ ಗಂಡಿಗೆ ಸರಿಯಾಗೇ ಇದೆ. ಮೊಟ್ಟೆಯಿಂದ ಹೊರಬಂದಾಗ ಬಾಲ ಸೇರಿ 7-8 ಸೆಂ.ಮೀ. ಇರುವ ಪ್ರಾಣಿ ಇದು. ಪೂರ್ತಿ ಬೆಳೆದ ಗಂಡು 45ರಿಂದ 60 ಸೆಂ.ಮೀ. ಆಗುತ್ತದೆ, ಅದಕ್ಕೆ ವರ್ಷವಾದರೂ ಬೇಕು. ಮೂಳೆ ಗಟ್ಟಿಯಾಗುವ ವೇಗಕ್ಕಿಂತ ಮೈ ಬೆಳೆಯುವ ವೇಗ ಮುಂದೆ ಹೋದರೆ ಕೈಕಾಲು ಬಾಗುತ್ತವೆ. ಮೊದಲು ಮುಂಗಾಲ ಮೊಣಕೈ ನೋಡಿ, ಕೊಂಬೆ ಹಿಡಿದಾಗ ಕಮಾನಿನಂತೆ ಹೊರಬಾಗಿದೆಯೇ? ಕೆಳದವಡೆ ಮೆತ್ತಗಿದೆಯೇ? ಹುಳಕ್ಕೆ ಗುರಿಯಿಟ್ಟೂ ನಾಲಿಗೆ ಅರ್ಧಕ್ಕೇ ನಿಲ್ಲುತ್ತದೆಯೇ? ಮೈಯ ಒಂದೂವರೆ ಪಟ್ಟು ಉದ್ದ ಚಿಮ್ಮಬೇಕಾದ ನಾಲಿಗೆ ಅದು. ಸ್ನಾಯುವಿಗೆ ಕ್ಯಾಲ್ಸಿಯಂ ಸಾಲದಾದಾಗ ಮೊದಲು ಸೋಲುವುದರಲ್ಲಿ ಅದೂ ಒಂದು. ಮೂರರಲ್ಲಿ ಒಂದು ಕಂಡರೂ ವೈದ್ಯರ ಹತ್ತಿರ ಹೋಗಬೇಕು, ಪುಡಿ ಜಾಸ್ತಿ ಹಾಕಿ ನೋಡೋಣ ಎನ್ನುವುದು ಬೇಡ.

ನಿಮ್ಮ 15 ಸಾಕಷ್ಟಾಯಿತು, 10-12ಕ್ಕೆ ಇಳಿಸಿ, ದಿನಾ ಬೆಳಗ್ಗೆ, ಮೈ ಕಾಯಿಸಿಕೊಂಡ ಮೇಲೆ. ಹುಳದ ಗಾತ್ರ ಅದರ ಎರಡು ಕಣ್ಣಿನ ನಡುವಿನ ಅಗಲ ಮೀರಬಾರದು. 15 ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ತೆಗೆಯಿರಿ, ರಾತ್ರಿ ಹಸಿದ ಕ್ರಿಕೆಟ್ ಮಲಗಿದ ಮರಿಯನ್ನೇ ಕಡಿಯುತ್ತದೆ. ಆರು ತಿಂಗಳಿಗೆ ದಿನ ಬಿಟ್ಟು ದಿನ ಆರೇಳು. ಹತ್ತು ತಿಂಗಳ ನಂತರ ಎರಡು ಮೂರು ದಿನಕ್ಕೊಮ್ಮೆ ನಾಲ್ಕೈದು. ಆಗ ಅದು ನಿಮ್ಮನ್ನು ಕಂಡಾಗಲೆಲ್ಲ ಜಾಲರಿ ಹತ್ತಿ ಬೇಡುತ್ತದೆ. ಕರಗಬೇಡಿ.

ಹುಳದ ಹೊಟ್ಟೆಯಲ್ಲಿ ಏನಿದೆಯೋ ಅದೇ ಗೋಸುಂಬೆಗೆ ಊಟ. ಕೊಡುವ 24 ಗಂಟೆ ಮೊದಲು ಹುಳಕ್ಕೆ ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ ಹಾಕಿ. ನುಗ್ಗೆಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಎಲ್ಲರ ಹಿತ್ತಲಲ್ಲೂ ಇದೆ. ಪಾಲಕ್ ಬೇಡ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಡುತ್ತದೆ. ಪುಡಿ ಹಚ್ಚುವುದು ಹೀಗೆ: ಪ್ಲಾಸ್ಟಿಕ್ ಕವರಿಗೆ ಹುಳ ಹಾಕಿ, ಎರಡು ಚಿಟಿಕೆ ಪುಡಿ ಸೇರಿಸಿ, ಒಮ್ಮೆ ಅಲ್ಲಾಡಿಸಿ. ಹುಳ ಮಂಕಾಗಿ ಕಂಡರೆ ಸಾಕು, ಉಂಡೆಗೆ ಮೈದಾ ಹೊರಳಿಸಿದ ಹಾಗೆ ಬೇಡ. ದಿನನಿತ್ಯ ರಂಜಕ (ಫಾಸ್ಫರಸ್) ಇಲ್ಲದ, ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ. ಡಿ3 ಇರುವುದು ತಿಂಗಳಿಗೆ ಎರಡು ಸಲ, ಮಲ್ಟಿವಿಟಮಿನ್ ಎರಡು ಸಲ, ಒಂದೇ ದಿನ ಎರಡೂ ಅಲ್ಲ. ಯುವಿಬಿ ಸರಿಯಿದ್ದರೆ ಡಿ3ಯನ್ನು ಚರ್ಮವೇ ಮಾಡಿಕೊಳ್ಳುತ್ತದೆ. ಹೊರಗಿನದು ಅತಿಯಾದರೆ ಕುತ್ತಿಗೆಯ ಸುತ್ತ ಚೀಲದಂತೆ ಊದಿಕೊಳ್ಳುವುದು ಕಾಣುತ್ತದೆ.

ಸೂಪರ್‌ವರ್ಮ್‌ನಲ್ಲಿ ಕೊಬ್ಬು ಜಾಸ್ತಿ, ಆಗೊಮ್ಮೆ ಈಗೊಮ್ಮೆ ಸಾಕು. ಅದಕ್ಕಿಂತ ರೇಷ್ಮೆ ಹುಳ ಎಷ್ಟೋ ಮೇಲು, ಮೆತ್ತಗೆ, ನೀರಿನಂಶ ಹೆಚ್ಚು. ಮೂರನೇ ಜ್ವರಕ್ಕೆ (ಪೊರೆ ಬಿಡುವ ಹಂತಕ್ಕೆ) ಮುಂಚಿನ ಸಣ್ಣ ಹುಳ ಕೇಳಿ ತನ್ನಿ. ಆದರೆ ಹಾಸಿಗೆಗೆ ಸೋಂಕುನಿವಾರಕ ಪುಡಿ ಉದುರಿಸಿದ ದಿನದ್ದು ಬೇಡ. ಬೆಳೆಗಾರರನ್ನು ಕೇಳಿದರೆ ಹೇಳುತ್ತಾರೆ.

ಭಾನುವಾರ ಬೆಳಗ್ಗೆ, ನೀರಿಗೆ ಮುಂಚೆ, ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಸಣ್ಣ ಕೊಂಬೆಯ ಸ್ಟ್ಯಾಂಡ್ ಇಟ್ಟು ಸೊನ್ನೆ ಮಾಡಿ ತೂಗಿ. ಒಂದು ವಾರದ ಅಂಕಿಗೆ ಅರ್ಥವಿಲ್ಲ. ಈ ವಯಸ್ಸಿನಲ್ಲಿ ಎರಡು ವಾರ ಸತತವಾಗಿ ಇಳಿದರೆ ಅರ್ಥವಿದೆ.

ಕೌಲ್‌ಬಜಾರ್_ಹಸಿರು

ಮೊಣಕೈ ನೇರವಿದೆ, ನಾಲಿಗೆ ಸರಿ ಚಿಮ್ಮುತ್ತದೆ. ಇವತ್ತು ಮಧ್ಯಾಹ್ನ ಎರಡಕ್ಕೆ ತಂತಿ ಥರ್ಮಾಮೀಟರ್ ಕಟ್ಟಿ ನೋಡಿದೆ: ಕೊಂಬೆಯಲ್ಲಿ 41. ಬಲ್ಬ್ ಆರಿಸಿ ಒಂದು ಗಂಟೆ ಬಿಟ್ಟು 35. ಕೆಳಗಿನ ಕೋಣೆಯಲ್ಲಿ ಕೂಲರ್ ಹಾಕಿ 29. ಬುಸುಗುಡುವುದಕ್ಕೆ ಏನು ಮಾಡುವುದು? ಜೊತೆಗೊಂದು ಹೆಣ್ಣು ತಂದರೆ ಶಾಂತವಾಗುತ್ತದೆಯೇ?

ಕೊಂಬೆಮೇಲಿನಕಣ್ಣು

41ರಲ್ಲಿ ಬಾಯಿ ತೆರೆಯದಿದ್ದರೇ ಆಶ್ಚರ್ಯ. ಇವತ್ತೇ ಕೆಳಗಿಳಿಸಿ, ಹೊಸ ಗೂಡು ಬರುವವರೆಗೆ ಕಾಯಬೇಡಿ. ಗಾಜಿನ ಮೂರು ಬದಿಗೆ ಹೊರಗಿನಿಂದ ಬ್ರೌನ್ ಪೇಪರ್ ಅಂಟಿಸಿ, ಪ್ರತಿಬಿಂಬ ಎಷ್ಟೋ ಕಡಿಮೆಯಾಗುತ್ತದೆ.

ಹೆಣ್ಣು ಬೇಡ. ಒಂದೇ ಗೂಡಿನಲ್ಲಿ ಎರಡು ಇದ್ದರೆ ಕಾದಾಡದಿದ್ದರೂ ಒಂದು ಇನ್ನೊಂದನ್ನು ಮೇವಿನಿಂದ, ಕಾಯುವ ಕೊಂಬೆಯಿಂದ ದೂರ ಇಡುತ್ತದೆ. ಹೆಣ್ಣು ಸಾಕುವುದೇ ಬೇರೆ ಲೆಕ್ಕ: ಗಂಡು ಸೇರದಿದ್ದರೂ ಮೊಟ್ಟೆ ಇಡುತ್ತದೆ, ಒಂದು ಅಡಿ ಆಳದ ಹಸಿಮರಳು ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿ ಸಾಯುತ್ತದೆ. ಅಂದಹಾಗೆ ನಿಮ್ಮದು ಗಂಡೇ ಎಂದು ಖಚಿತ ಮಾಡಿಕೊಳ್ಳಿ. ಹಿಂಗಾಲಿನ ಹಿಮ್ಮಡಿಯಲ್ಲಿ ಕೋಳಿಯ ಕತ್ತಿಯಂತೆ ಸಣ್ಣ ಮುಳ್ಳು ಇರಬೇಕು. ವೇಲ್ಡ್ ಗಂಡಿಗೆ ಅದು ಹುಟ್ಟಿನಿಂದಲೇ ಇರುತ್ತದೆ.

ಬುಸುಗುಡುವುದಕ್ಕೆ ಅರ್ಧ ಕಾರಣ ವಯಸ್ಸು. ನಾಲ್ಕರಿಂದ ಆರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತದೆ, ಜಾಗ ನನ್ನದು ಎನ್ನುವುದು ಆಗ ಶುರು. ಇದನ್ನು ಪಳಗಿಸಿ ಹೋಗಲಾಡಿಸಲು ಬರುವುದಿಲ್ಲ. ನಿಮ್ಮ ಕೈಗೆ ಹೆದರುವುದನ್ನು ಕಡಿಮೆ ಮಾಡಬಹುದು ಅಷ್ಟೆ. ಗೂಡನ್ನು ಮೇಜಿನ ಮೇಲಿಟ್ಟು ಅದರ ಮೇಲಿನ ಕೊಂಬೆ ನಿಮ್ಮ ಕಣ್ಣಿಗಿಂತ ಎತ್ತರ ಬರುವ ಹಾಗೆ ಮಾಡಿ, ಕೆಳಗಿದ್ದು ಮೇಲೆ ನೋಡುವ ಗೋಸುಂಬೆಗೆ ನೀವು ಗಿಡುಗ. ಅರ್ಧ ಗೂಡು ಎಲೆ ತುಂಬಿರಲಿ, ಅಡಗಲು ಜಾಗವಿದ್ದ ಮರಿಯೇ ಧೈರ್ಯವಾಗಿ ಹೊರಗೆ ಕೂರುತ್ತದೆ. ಎರಡು ವಾರ ಕೈ ಹಾಕುವುದೇ ಬೇಡ, ಸ್ವಚ್ಛ ಮಾಡಲು ಮಾತ್ರ. ಆಮೇಲೆ ಬಟ್ಟಲಲ್ಲಿ ಹುಳ ಹಿಡಿದು ಒಂದಡಿ ದೂರದಲ್ಲಿ ಹತ್ತು ನಿಮಿಷ ಅಲುಗದೆ ನಿಲ್ಲಿ. ಅದು ಬಂದು ತಿಂದರೆ ಮರುದಿನ ನಾಲ್ಕು ಬೆರಳು ಹತ್ತಿರ. ಕೊನೆಗೆ ಅಂಗೈಯಲ್ಲಿ. ಎತ್ತಬೇಕಾದಾಗ ಮೇಲಿನಿಂದ ಹಿಡಿಯಬೇಡಿ, ಕೊಂಬೆಯಿಂದ ಎಳೆಯಬೇಡಿ. ಐದು ಬೆರಳು ಮೂರು-ಎರಡಾಗಿ ಇಕ್ಕಳದಂತೆ ಕಚ್ಚಿರುತ್ತವೆ, ಎಳೆದರೆ ಬೆರಳು ಉಳುಕುತ್ತದೆ. ಎದೆಯ ಕೆಳಗೆ ಬೆರಳು ಇಟ್ಟು ಕಾಯಿರಿ, ಅದೇ ಹತ್ತಲಿ. ಕೆಲವು ಕೊನೆಗೂ ಹತ್ತುವುದಿಲ್ಲ. ಅವನ್ನು ನೋಡಿ ಖುಷಿಪಡಿ.

ಬಣ್ಣ ಬದಲಿಸುವವನನ್ನು ಗೋಸುಂಬೆ ಎಂದು ಬೈಯುತ್ತೇವೆ. ಪ್ರಾಣಿ ಮಾತ್ರ ತದ್ವಿರುದ್ಧ, ಮನಸ್ಸಿನಲ್ಲಿರುವುದನ್ನು ಮುಚ್ಚಿಡಲು ಬಾರದು. ಚರ್ಮದ ಕೋಶಗಳಲ್ಲಿನ ಗ್ವಾನೀನ್ ಹರಳುಗಳ ನಡುವಿನ ಅಂತರ ಹಿಗ್ಗಿ ಕುಗ್ಗುವುದರಿಂದ ಬಣ್ಣ ಬದಲಾಗುತ್ತದೆ ಎಂದು 2015ರಲ್ಲಿ ಜಿನೀವಾ ವಿಶ್ವವಿದ್ಯಾಲಯದವರು ಪ್ಯಾಂಥರ್ ಗೋಸುಂಬೆಯಲ್ಲಿ ತೋರಿಸಿದರು. ಎಲೆಯ ಜೊತೆ ಹೊಂದಿಕೊಳ್ಳಲು ಎನ್ನುವುದಕ್ಕಿಂತ ಸಿಟ್ಟು, ಹೆದರಿಕೆ, ಶಾಖಕ್ಕೆ ಅದು ಬದಲಾಗುವುದೇ ಹೆಚ್ಚು.

ಮಸ್ಕಿ_ಬೆಟ್ಟ

ಕಾಗದದ ವಿಷಯ ಯಾರೂ ಎತ್ತಲಿಲ್ಲ. ಬಿಲ್ ಒಂದೇ ಸಾಲದು. ವೇಲ್ಡ್ ಗೋಸುಂಬೆ ಯೆಮನ್ ಮತ್ತು ನೈರುತ್ಯ ಸೌದಿ ಅರೇಬಿಯಾದ್ದು, ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ಫೆಬ್ರವರಿಯ ನಿಯಮದ ಪ್ರಕಾರ ಇಂಥವನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಈಗ ಕೈಗೆ ಬಂದದ್ದಾದರೆ 30 ದಿನದೊಳಗೆ.

ನಮ್ಮ ಜಾಲಿಗಿಡದಲ್ಲಿ ಸಿಗುವ ಭಾರತೀಯ ಗೋಸುಂಬೆಯ ಮಾತು ಬೇರೆ. 1972ರ ಕಾಯ್ದೆಯಡಿ ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಎಲ್ಲವೂ ಅಪರಾಧ. ಯಾರಾದರೂ ವೇಲ್ಡ್ ಎಂದು ಅದನ್ನೇ ಕೊಟ್ಟಿದ್ದರೆ ಕಿರೀಟ ನೋಡಿ. ವೇಲ್ಡ್‌ನದು ಮೀನಿನ ರೆಕ್ಕೆಯಂತೆ ಎದ್ದು ನಿಲ್ಲುತ್ತಾ ಬರುತ್ತದೆ, ನಮ್ಮದರದ್ದು ದೊಡ್ಡದಾದರೂ ತಗ್ಗು. ಹಾಗಿದ್ದರೆ ವಲಯ ಅರಣ್ಯ ಕಚೇರಿಗೆ ತಿಳಿಸಿ. ಇನ್ನು ಬೇಲಿಯ ಮೇಲೆ ತಲೆ ಕುಣಿಸುತ್ತಾ ಓಡುವುದು ಓತಿಕ್ಯಾತ, ಗೋಸುಂಬೆಯೇ ಅಲ್ಲ.

ಎಡದಂಡೆ_ಕಾಲುವೆ (ಗಂಗಾವತಿ)

ಒಂದು ಮಾತು ಉಳೀತ್ರಿ. ಗೂಡು ಕೆಳಗ ಇಳಿಸಿದ ಮ್ಯಾಲ ಮೂರು ದಿನ ಬಿಟ್ಟು ನೋಡ್ರಿ. ರಾತ್ರಿ ಒಂಬತ್ತಕ್ಕ ಸಣ್ಣ ಟಾರ್ಚ್ ಒಂದ ಕ್ಷಣ ಬಿಟ್ರ ಮರಿ ತಿಳಿಹಸಿರಾಗಿ, ಬಾಲ ಸುತ್ತಿಕೊಂಡು, ಕೊಂಬಿ ಮ್ಯಾಲ ಮಲಗಿರಬೇಕು. ಹಗಲಿನಾಗ ಕಣ್ಣು ಮುಚ್ಚಿ ಕುಂತ್ರ, ಇಲ್ಲಾ 29ರಾಗೂ ಬಾಯಿ ತೆರೆದ್ರ, ಅದು ಸೆಕಿ ಅಲ್ಲ, ರೋಗ. ಅವಾಗ ಹೊಸ ಹಿಕ್ಕಿ ಒಂದು ಸಣ್ಣ ಡಬ್ಬಿಯಾಗ ಹಾಕಿ, ಫ್ರಿಜ್ ಕೆಳಗಿನ ಖಾನೆಯಾಗ ಇಟ್ಟು, 24 ಗಂಟೆ ಒಳಗ ಹೊಟ್ಟಿಹುಳದ ಪರೀಕ್ಷೆಗೆ ಕೊಡ್ರಿ. ಫ್ರೀಜರಿನಾಗ ಇಡಬ್ಯಾಡ್ರಿ. ಊರಾಗಿನ ಪಶುವೈದ್ಯರು ಸರೀಸೃಪ ನೋಡಂಗಿಲ್ಲ ಅಂದ್ರ ಬೀದರಿನ ಇಲ್ಲಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಮೊದಲ ಫೋನ್ ಮಾಡಿ ಕೇಳ್ರಿ. ಒಯ್ಯೋದು ರಾತ್ರಿ ಪ್ರಯಾಣದಾಗ, ತೂತು ಮಾಡಿದ ರಟ್ಟಿನ ಡಬ್ಬಿಯಾಗ ಒಂದು ಕೊಂಬಿ ಅಡ್ಡ ಚುಚ್ಚಿ.